ಅವರನ್ನು ಕೇಳದೆ ಬರೆದದ್ದು

ಆ ಬರಹವನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿದೆ, ಎರಡು ಪುಟ. ಕಳೆದ ಮೂರು ವರ್ಷಗಳಲ್ಲಿ ಅದನ್ನು ಎಷ್ಟು ಸಲ ಓದಿದ್ದೇನೆಂದು ಹೇಳಲಾರೆ. ಓದಿದಾಗಲೆಲ್ಲ ಒಂದೇ ಸಂಗತಿ ನನ್ನನ್ನು ಕಂಗೆಡಿಸುತ್ತದೆ: ಅದರಲ್ಲಿ ನನಗೆ ಒಂದು ತರ್ಕದೋಷವೂ ಸಿಗುವುದಿಲ್ಲ. ಯಾರ ಮೇಲೂ ನಂಬಿಕೆಯನ್ನು ಹೇರಬಾರದು ಎಂದು ಅದು ಹೇಳುತ್ತದೆ. ಆ ಮಾತು ಸರಿ ಎಂದು ನಾನು ಇವತ್ತಿಗೂ ನಂಬುತ್ತೇನೆ. ಆ ಬರಹದಿಂದಾಗಿಯೇ ಒಬ್ಬ ಹೆಂಗಸಿನ ಹತ್ತೊಂಬತ್ತು ವರ್ಷಗಳ ನೌಕರಿ ಹೋಯಿತು. ಅದೂ ನಿಜ. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ತಿರುಗುವುದು ಹೇಗೆಂದು ನನಗೆ ಯಾವ ಚರ್ಚಾಸ್ಪರ್ಧೆಯೂ ಕಲಿಸಿರಲಿಲ್ಲ.

ಸ್ಪರ್ಧೆಗಳ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ನಾನು ಗದಗ ಕಡೆಯವನು. ಧಾರವಾಡದಲ್ಲಿ ಓದುವಾಗ ಕಾಲೇಜಿನ ಚರ್ಚಾತಂಡದಲ್ಲಿದ್ದೆ. ನಮ್ಮನ್ನು ಸಿದ್ಧಪಡಿಸುತ್ತಿದ್ದ ಅಧ್ಯಾಪಕರು ಒಂದು ಉಪಾಯ ಹೇಳಿಕೊಟ್ಟಿದ್ದರು. ಕಲಮುಗಳನ್ನೂ ವಿಧಿಗಳನ್ನೂ ಕೇಳುಗರು ಮರೆಯುತ್ತಾರೆ. ಒಬ್ಬ ಮನುಷ್ಯನನ್ನು ವೇದಿಕೆಗೆ ತನ್ನಿ, ಆತನ ಕೈ ತೋರಿಸಿ, ಆತ ಏನು ಉಟ್ಟಿದ್ದ ಎಂದು ಹೇಳಿ, ಆಮೇಲೆ ನಿಮ್ಮ ವಾದವನ್ನು ಆತನ ಹೆಗಲ ಮೇಲಿಡಿ. ನಾನು ಹಾಗೆಯೇ ಮಾಡುತ್ತಿದ್ದೆ. ಬೀಡಿ ಕಟ್ಟುವ ಮುದುಕಿ, ಗಣಿಯಲ್ಲಿ ಕಣ್ಣು ಕಳೆದುಕೊಂಡ ಕೂಲಿ, ಹೀಗೆ ಕಂಡರಿಯದ ಎಷ್ಟೋ ಜನರನ್ನು ವೇದಿಕೆಗೆ ಕರೆತಂದು ಬಹುಮಾನದ ಕಪ್ಪು ಗೆದ್ದೆ. ಅವರಲ್ಲಿ ಯಾರೂ ಮರುದಿನ ಬಂದು, ನಮ್ಮನ್ನು ಯಾಕೆ ಕರೆದೆಯೆಂದು ಕೇಳಲಿಲ್ಲ.

ಬ್ಯಾಂಕಿನ ಅಧಿಕಾರಿಯಾಗಿ ಹಲವು ಊರು ಸುತ್ತಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ನನಗೆ ನಲವತ್ತೊಂದು. ನಮ್ಮ ಶಾಖೆ ಇದ್ದದ್ದು ಋಷಿಕೊಂಡದ ರಸ್ತೆಯಲ್ಲಿ, ಗುಡ್ಡದ ಮೇಲಿನ ಐಟಿ ಕಚೇರಿಗಳಿಗೆ ಹೋಗುವ ತಿರುವಿನ ಬಳಿ. ಕಡಲ ಗಾಳಿಯ ಉಪ್ಪಿಗೆ ಕಿಟಕಿಯ ಸರಳು, ಸ್ಕೂಟರಿನ ಮಡ್‌ಗಾರ್ಡು, ಕೊನೆಗೆ ಸ್ಟ್ರಾಂಗ್ ರೂಮಿನ ಬಾಗಿಲಿನ ತಿರುಗಣಿ ಕೂಡ ತುಕ್ಕು ಹಿಡಿಯುತ್ತಿತ್ತು. ಆ ಬಾಗಿಲಿಗೆ ಎರಡು ಕೀಲಿಕೈ. ಒಂದು ನನ್ನ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಬಳಿ. ಇಬ್ಬರೂ ಒಟ್ಟಿಗೆ ನಿಂತಲ್ಲದೆ ಅದು ತೆರೆಯದು. ಹೆಡ್ ಕ್ಯಾಶಿಯರ್ ಬಳ್ಳಾರಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಆಂಧ್ರದಲ್ಲಿ ಇಪ್ಪತ್ತು ವರ್ಷ ಕಳೆದವರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಕ್ಕಳು ತೆಲುಗಿನಲ್ಲಿ ಉತ್ತರ ಕೊಡುತ್ತಾರೆಂದು ಕೊರಗುತ್ತ ಬಂದು, ಆ ಕೊರತೆಯನ್ನೆಲ್ಲ ನನ್ನೊಡನೆ ಮಾತಾಡಿ ತೀರಿಸಿಕೊಳ್ಳುತ್ತಿದ್ದರು.

ಪ್ರತಿ ಶುಕ್ರವಾರ ಬೆಳಿಗ್ಗೆ, ಗಿರಾಕಿಗಳನ್ನು ಒಳಗೆ ಬಿಡುವ ಮುನ್ನ, ಸ್ಟ್ರಾಂಗ್ ರೂಮಿನ ಮುಂದೆ ಪೂಜೆ ನಡೆಯುತ್ತಿತ್ತು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ, ಯಾವ ಸುತ್ತೋಲೆಯೂ ಬೇಡವೆಂದಿರಲಿಲ್ಲ. ಬಾಗಿಲಿಗೆ ಅರಿಸಿನ ಕುಂಕುಮ, ನೋಟು ಎಣಿಸುವ ಯಂತ್ರದ ಮೇಲೊಂದು ಚೆಂಡುಹೂವು, ಒಂದು ತೆಂಗಿನಕಾಯಿ. ಕರ್ಪೂರ ಆರುವ ತನಕ ನಾವಿಬ್ಬರೂ ಕೀಲಿಕೈ ಹಿಡಿದು ನಿಂತಿರಬೇಕು. ಇದರ ಸಿದ್ಧತೆಯೆಲ್ಲ ನಮ್ಮ ಅಟೆಂಡರಮ್ಮನದು. ಭೀಮಿಲಿಯಿಂದಾಚೆಯ ಹಳ್ಳಿಯವರು, ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಮನೆಯಲ್ಲಿ ಗಂಡ, ಒಬ್ಬಳು ಮಗಳು. ಆ ಸೀಮೆಯ ರೂಢಿಯಂತೆ ಗಂಡಸರನ್ನೆಲ್ಲ ಮರ್ಯಾದೆಯಿಂದ ‘ಬಾಬೂ’ ಎಂದೇ ಕರೆಯುತ್ತಿದ್ದರು. ಹೂವನ್ನು ತಾವೇ ಕಟ್ಟಿ ತರುತ್ತಿದ್ದರು, ಅರಿಸಿನವನ್ನು ತಾವೇ ಕಲಸುತ್ತಿದ್ದರು. ಮಂಗಳಾರತಿಯ ಹೊತ್ತಿಗೆ ಮಾತ್ರ ಪ್ಯಾಂಟ್ರಿಯೊಳಗೆ ಟೀ ಕುದಿಸುತ್ತಿರುತ್ತಿದ್ದರು. ಕುಂಕುಮದ ತಟ್ಟೆ ಅಲ್ಲಿಗೂ ಹೋದರೆ ಚಿಟಿಕೆ ತೆಗೆದು ಮುಷ್ಟಿಯಲ್ಲಿ ಇಟ್ಟುಕೊಳ್ಳುವರು. ಹಣೆಗೆ ಹಚ್ಚಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಹೊಸದಾಗಿ ಬಂದವರು ಯಾರಾದರೂ ಇದನ್ನು ಗಮನಿಸಿದರೆ ಹೆಡ್ ಕ್ಯಾಶಿಯರ್ ಬಳಿ ಉತ್ತರ ಸಿದ್ಧವಿತ್ತು. “ಆಕೆಗೆ ಕುಂಕುಮ ಅಂದ್ರೆ ಅಲರ್ಜಿ. ಹಣೆಯೆಲ್ಲ ಉರಿ ಏಳ್ತದೆ.” ಉಳಿದವರು ತಲೆಯಾಡಿಸುತ್ತಿದ್ದರು. ನನಗೂ ಅದನ್ನೇ ಹೇಳಿದರು, ನಾನೂ ನಂಬಿದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ, ಸಾಲದ ಅರ್ಜಿ ಹಾಕಿದ್ದವರ ಮನೆ ಹುಡುಕುತ್ತ ಗುಡ್ಡದ ಕೆಳಗಿನ ಕಾಲೊನಿಯೊಂದಕ್ಕೆ ಹೋಗಿದ್ದೆ. ತಗಡಿನ ಛಾವಣಿಯ ಚಿಕ್ಕ ಚರ್ಚಿನಿಂದ ಹಾಡು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಮುಂದಿನ ಸಾಲಿನಲ್ಲಿ ಬಿಳಿ ಸೀರೆಯುಟ್ಟು, ಕಣ್ಣು ಮುಚ್ಚಿ, ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದವರು ನಮ್ಮ ಅಟೆಂಡರಮ್ಮ. ಬ್ಯಾಂಕಿನಲ್ಲಿ ಮೆಲ್ಲಗೆ ಮಾತಾಡುವ ಆ ಹೆಂಗಸಿಗೆ ಅಷ್ಟು ತುಂಬಿದ ಕಂಠವಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಡು ಮುಗಿದು ಕಣ್ಣು ತೆರೆದಾಗ ನನ್ನನ್ನು ಕಂಡರು.

ಸೋಮವಾರ ಟೀ ತಂದಿಟ್ಟು ನಿಂತರು. ನಮ್ಮ ಮಾತು ನಡೆಯುತ್ತಿದ್ದದ್ದು ತೆಲುಗಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಬಾಬೂ, ನಿನ್ನೆ ನಮ್ಮ ಕಡೆ ಬಂದಿದ್ರಾ?”

“ಬಂದಿದ್ದೆ ಅಮ್ಮಾ. ಎಷ್ಟು ಚೆನ್ನಾಗಿ ಹಾಡ್ತೀರಿ!”

ನಾಚಿ ನಕ್ಕರು. ಆಮೇಲೆ ಮೇಜು ಒರೆಸುವ ನೆಪದಲ್ಲಿ ಬಗ್ಗಿ, “ಇಲ್ಲಿ ಆ ಮಾತು ಬೇಡ ಬಾಬೂ” ಎಂದರು.

ನಾನು ತಲೆಯಾಡಿಸಿದೆ. ಆಗ ನನಗೆ ಕೇಳಿಸಿದ್ದು ಒಂದು ಹೆದರಿಕೆ ಮಾತ್ರ. ಇಂಥ ಹೆದರಿಕೆಯನ್ನು ಹೋಗಲಾಡಿಸುವುದೇ ಓದಿದವರ ಕೆಲಸವೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ. ಅದೊಂದು ಕೋರಿಕೆಯೆಂದು, ಅದಕ್ಕೆ ನಾನು ಒಪ್ಪಿಗೆ ಕೊಟ್ಟಿದ್ದೇನೆಂದು ಹೊಳೆಯಲೇ ಇಲ್ಲ.

ಸಂಜೆ ಹೆಡ್ ಕ್ಯಾಶಿಯರರನ್ನು ಹಿಡಿದೆ. “ಅಣ್ಣಾರ, ಅಲರ್ಜಿ ಅಂತ ಯಾಕ ಸುಳ್ಳು ಹೇಳ್ತೀರಿ? ಅವರು ಕ್ರಿಶ್ಚಿಯನ್ನರು ಅಂತ ಹೇಳಿಬಿಟ್ರ ಏನಾಗ್ತದ?”

ಅವರು ಕೀಲಿಕೈಯನ್ನು ಒಳಜೇಬಿಗೆ ಹಾಕಿಕೊಳ್ಳುತ್ತ, “ಕಾಗದದಲ್ಲಿ ಒಂದಿರ್ತದೆ ತಮ್ಮಾ, ಬದುಕಿನಾಗೆ ಒಂದಿರ್ತದೆ. ಈ ಕಡೆ ಅದನ್ನ ಯಾರೂ ಕೇಳಲ್ಲ. ನೀನೂ ಕೇಳಬೇಡ” ಎಂದರು.

ಇದು ನಮ್ಮ ಮಧ್ಯಮವರ್ಗದ ಹೇಡಿತನವೆಂದುಕೊಂಡೆ. ನಾನಂತೂ ಮೊದಲ ಶುಕ್ರವಾರವೇ ತಟ್ಟೆಯನ್ನು ಮುಂದಕ್ಕೆ ಸಾಗಿಸಿ, ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ಎಲ್ಲರೆದುರು ಹೇಳಿದ್ದೆ. “ಸಾರ್ ಕಮ್ಯುನಿಸ್ಟು” ಎಂದು ನಕ್ಕು ಸುಮ್ಮನಾಗಿದ್ದರು. ನನಗೆ ಏನೂ ಆಗಿರಲಿಲ್ಲ. ಏನೂ ಆಗದ್ದಕ್ಕೆ ನನ್ನ ಧೈರ್ಯವೇ ಕಾರಣವೆಂದು ಭಾವಿಸಿದ್ದೆ.

ಮರುವರ್ಷ ಹೊಸ ಮ್ಯಾನೇಜರರು ಬಂದರು. ರಾಜಮಂಡ್ರಿ ಕಡೆಯವರು, ದೈವಭಕ್ತರು, ಕೆಲಸದಲ್ಲಿ ಚುರುಕು. ಕೆಟ್ಟವರೆಂದು ನಾನು ಹೇಳಲಾರೆ. ಶುಕ್ರವಾರದ ಪೂಜೆಯ ಫೋಟೋ ತೆಗೆದು ಪ್ರಾದೇಶಿಕ ಕಚೇರಿಯ ವಾಟ್ಸಾಪ್ ಗುಂಪಿಗೆ ಕಳಿಸುವ ಪರಿಪಾಠ ಅವರಿಂದ ಶುರುವಾಯಿತು. ಫೋಟೋಕ್ಕೆ ಎಲ್ಲರೂ ನಿಲ್ಲಬೇಕು. ಅಟೆಂಡರಮ್ಮ ಕಡೆಯ ಸಾಲಿನ ಅಂಚಿನಲ್ಲಿ, ಅರ್ಧ ಮುಖ ಕಾಣುವಂತೆ ನಿಲ್ಲುತ್ತಿದ್ದರು. ಒಂದು ಶುಕ್ರವಾರ ಮ್ಯಾನೇಜರರೇ ತಟ್ಟೆ ಹಿಡಿದು ಪ್ಯಾಂಟ್ರಿಯ ಬಾಗಿಲಿಗೆ ಹೋದರು. ಅಷ್ಟರಲ್ಲಿ ಇಬ್ಬರು ಗಿರಾಕಿಗಳೂ ಒಳಗೆ ಬಂದಿದ್ದರು.

“ಏಮ್ಮಾ, ಫೋಟೋದಲ್ಲಿ ನೀನೊಬ್ಬಳೇ ಬೋಳು ಹಣೆ. ಇದೇನು ಚೆಂದ? ತಗೋ, ಇಟ್ಕೋ.”

“ಆಕೆಗೆ ಅಲರ್ಜಿ ಸಾರ್” ಎಂದರು ಹೆಡ್ ಕ್ಯಾಶಿಯರ್.

“ಏನಂಡೀ ನಿಮ್ಮ ಅಲರ್ಜಿ! ವಾರವಾರ ಕುಂಕುಮ ತುಂಬಿಡೋದು ಆಕೆ ಕೈಯೇ ಅಲ್ವಾ? ಕೈಗಿಲ್ಲದ ಅಲರ್ಜಿ ಹಣೆಗೆ ಹೆಂಗೆ ಬಂತು?”

“ಕೈಗೆ ಬ್ಯಾಂಕು ಸಂಬಳ ಕೊಡ್ತದೆ ಸಾರ್. ಹಣೆಗೆ ಕೊಡಲ್ಲ.”

ಕೌಂಟರಿನವರೆಲ್ಲ ನಕ್ಕರು. ಗಿರಾಕಿಗಳೂ ನಕ್ಕರು. ಮ್ಯಾನೇಜರರು ಬಿಗಿದುಕೊಂಡಿರಲು ನೋಡಿ, ಆಗದೆ ತಾವೂ ನಕ್ಕು, “ನಿಮ್ಮ ಬಾಯಿಗೆ ಯಾರೂ ಗೆಲ್ಲಲ್ಲ. ಮುಂದಿನ ವಾರ ನೋಡೋಣ” ಎಂದು ತಟ್ಟೆ ಕೆಳಗಿಟ್ಟರು. ಮುಂದಿನ ವಾರವೂ ಹೀಗೇ ಏನೋ ಒಂದು ಮಾತು ಬಂದು ಹೋಗುತ್ತಿತ್ತು, ಅದರ ಮುಂದಿನ ವಾರವೂ. ಹತ್ತೊಂಬತ್ತು ವರ್ಷ ಹಾಗೆಯೇ ಕಳೆದಿತ್ತು. ಆ ಶಾಖೆಯಲ್ಲಿ ನಗದೆ ನಿಂತಿದ್ದವರು ಇಬ್ಬರೇ, ಅಟೆಂಡರಮ್ಮ ಮತ್ತು ನಾನು. ಅವರು ಒಲೆಯ ಕಡೆ ತಿರುಗಿ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದರು. ನನ್ನ ಮನಸ್ಸಿನಲ್ಲಿ ಆಗಲೇ ಮೊದಲ ವಾಕ್ಯ ಸಿದ್ಧವಾಗಿತ್ತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವರು ಚರ್ಚಿನಲ್ಲಿದ್ದ ಹೊತ್ತಿನಲ್ಲಿ, ನಾನು ಮನೆಯ ಬಾಲ್ಕನಿಯಲ್ಲಿ ಕುಳಿತು ಬರೆದೆ. ಸಂವಿಧಾನ ಕೊಡುವ ಧರ್ಮಸ್ವಾತಂತ್ರ್ಯದಿಂದ ಆರಂಭಿಸಿದೆ, ಸರ್ಕಾರಿ ಸ್ವಾಮ್ಯದ ಸಂಸ್ಥೆಯ ಕರ್ತವ್ಯಕ್ಕೆ ಬಂದೆ. ನಡುವೆ ಅವರನ್ನು ತಂದೆ. ಹೂವು ಕಟ್ಟುವ ಕೈ, ಮುಷ್ಟಿಯಲ್ಲಿ ಬಚ್ಚಿಟ್ಟ ಕುಂಕುಮ, ಬಿಳಿ ಸೀರೆ, ಹಾಡು. ‘ನಮ್ಮ ಶಾಖೆಯ ಈ ಕ್ರೈಸ್ತ ಮಹಿಳೆ ತನ್ನ ನಂಬಿಕೆಯನ್ನು ಅಲರ್ಜಿಯೆಂಬ ಸುಳ್ಳಿನಡಿ ಮುಚ್ಚಿಡಬೇಕಾಗಿದೆ. ಆಕೆ ತನ್ನ ಚರ್ಚಿನಲ್ಲಿ ಹಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂಬ ವಾಕ್ಯಗಳು ಮೂಡಿದಾಗ ಎದ್ದು ಓಡಾಡಿದ್ದು ನೆನಪಿದೆ. ಅಷ್ಟು ಸಂತೋಷವಾಗಿತ್ತು. ನಮ್ಮ ಅಧಿಕಾರಿಗಳ ಸಂಘದ ಗುಂಪಿಗೆ ಹಾಕಿದೆ. ಕೆಲವೇ ನಿಮಿಷಗಳಲ್ಲಿ ಶಭಾಷ್‌ಗಳು ಬರತೊಡಗಿದವು.

ಅರ್ಧ ಗಂಟೆಯಲ್ಲಿ ಹೆಡ್ ಕ್ಯಾಶಿಯರ್ ಫೋನು.

“ತಮ್ಮಾ, ಅದನ್ನ ಅಳಿಸು. ಈಗಲೇ ಅಳಿಸು.”

“ಯಾಕ್ರೀ ಅಣ್ಣಾರ? ಸುಳ್ಳೇನರ ಬರದೀನೇನು?”

“ಸುಳ್ಳು ಬರೆದಿದ್ರೆ ಬಚಾವಾಗ್ತಿದ್ವಿ ಮಾರಾಯಾ! ಆಕೆಗೆ ಕೆಲಸ ಯಾವ ಕೋಟಾದಾಗೆ ಬಂದದ್ದು ಅಂತ ಒಂದು ದಿನಾನಾದ್ರೂ ಯೋಚನೆ ಮಾಡಿದ್ಯಾ?”

ಪರಿಶಿಷ್ಟ ಜಾತಿಯ ಮೀಸಲಾತಿ ಕ್ರೈಸ್ತಮತ ಸೇರಿದವರಿಗೆ ಸಲ್ಲದೆಂಬ ಕಾನೂನು ನನಗೆ ಗೊತ್ತಿರಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ಆ ವಿಷಯದ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ಮಾತಾಡಿ ಎರಡು ಸಲವೂ ಗೆದ್ದಿದ್ದೆ. ಆ ಕಾನೂನಿಗೂ ದಿನಕ್ಕೆರಡು ಸಲ ನನ್ನ ಮೇಜಿಗೆ ಟೀ ತರುವ ಹೆಂಗಸಿಗೂ ಸಂಬಂಧವಿರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅವರ ಪ್ರಮಾಣಪತ್ರದಲ್ಲಿ ಹಿಂದೂ ಎಂದಿತ್ತು. ಅವರ ಅಜ್ಜಿಯ ಕಾಲದಿಂದ ಅವರ ಕೇರಿಯವರೆಲ್ಲ ಚರ್ಚಿಗೆ ಹೋಗುತ್ತಿದ್ದರು. ದೇವರು ಬದಲಾದರೂ ಊರ ಹೋಟೆಲಿನವನು ಅವರಿಗೆ ಬೇರೆ ಇಟ್ಟಿದ್ದ ಲೋಟವನ್ನು ಬದಲಾಯಿಸಿರಲಿಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಅವರು ಬೇರೆಯವರಾಗಿಬಿಡುತ್ತಿದ್ದರು. ಹೀಗಾಗಿ ಕಾಗದ ಒಂದು ಕಡೆ, ಭಾನುವಾರ ಒಂದು ಕಡೆ. ಆ ಕಡೆಯ ಎಷ್ಟೋ ಮನೆಗಳು ಈ ಎರಡರ ನಡುವೆ ಸದ್ದಿಲ್ಲದೆ ಬಾಳುತ್ತವೆ, ಸುತ್ತಲಿನವರು ನೋಡಿಯೂ ನೋಡದಂತೆ ಇದ್ದುಬಿಡುತ್ತಾರೆ. ನಮ್ಮ ಶಾಖೆಯವರು ಅದಕ್ಕೆ ಅಲರ್ಜಿ ಎಂಬ ಹೆಸರು ಕೊಟ್ಟಿದ್ದರು.

ನಾನು ತಕ್ಷಣ ಅಳಿಸಲಿಲ್ಲ. ಇದನ್ನೂ ಬರೆದಿಡಬೇಕು. ವಿದ್ಯಾವಂತ ಸಹೋದ್ಯೋಗಿಗಳ ನಡುವೆ ಅಷ್ಟು ನೀಚರು ಯಾರಿರುತ್ತಾರೆಂದು ನನ್ನೊಡನೆ ನಾನೇ ವಾದಿಸಿದೆ. ಮಧ್ಯಾಹ್ನದವರೆಗೆ ಬರುತ್ತಲೇ ಇದ್ದ ಮೆಚ್ಚುಗೆಗಳನ್ನು ಓದಿದೆ. ಸಂಜೆ ಅಳಿಸುವ ಹೊತ್ತಿಗೆ ಅದು ಬೇರೆ ಹತ್ತು ಗುಂಪುಗಳನ್ನು ಸೇರಿಯಾಗಿತ್ತು.

ಸೋಮವಾರ ಪ್ಯಾಂಟ್ರಿಗೆ ನಾನೇ ಹೋದೆ. ಅವರು ಲೋಟ ತೊಳೆಯುತ್ತಿದ್ದರು, ತಿರುಗಲಿಲ್ಲ.

“ಬಾಬೂ, ಅದರಲ್ಲಿ ನನ್ನ ಹೆಸರಿದೆಯಾ?”

“ಇಲ್ಲ ಅಮ್ಮಾ. ಹೆಸರು ಬರೆದಿಲ್ಲ.”

“ಈ ಬ್ರಾಂಚಲ್ಲಿ ನನ್ನಂಥೋಳು ಇನ್ನೊಬ್ಬಳಿದ್ದಾಳಾ?”

ಅವರು ನಲ್ಲಿ ನಿಲ್ಲಿಸಿದರು. “ಬರೆಯೋ ಮುಂಚೆ ಒಂದು ಮಾತು ಕೇಳಬಾರದಿತ್ತಾ? ದಿನಕ್ಕೆರಡು ಸಲ ನಿಮ್ಮ ಮುಂದೆ ಬಂದು ನಿಲ್ತಿದ್ದೆನಲ್ಲ.”

ಸಹಿಯಿಲ್ಲದ ದೂರು ಹದಿನೈದು ದಿನಗಳಲ್ಲಿ ಹೋಯಿತು. ಬರೆದವರು ಯಾರೆಂದು ಇವತ್ತಿಗೂ ತಿಳಿಯದು. ಮ್ಯಾನೇಜರರಲ್ಲ, ಅವರು ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, “ಆಕೆ ಕುಂಕುಮ ಇಟ್ಕೋಬೇಕು ಅಂತಿದ್ದೆ, ಅಷ್ಟೇ ಕಣ್ರೀ. ಆಕೆ ಅನ್ನ ಹೋಗಲಿ ಅಂತ ಯಾವತ್ತೂ ಅಂದ್ಕೊಂಡಿರಲಿಲ್ಲ. ಇದೇನು ಮಾಡಿಬಿಟ್ರಿ ನೀವು?” ಎಂದು ಕೇಳಿದರು. ದೂರಿಗೆ ಆಧಾರವಾಗಿ ಲಗತ್ತಿಸಿದ್ದು ಒಂದೇ ದಾಖಲೆ, ನನ್ನ ಬರಹ. ಸುಳ್ಳು ಪ್ರಮಾಣಪತ್ರದಿಂದ ನೌಕರಿ ಪಡೆದ ಆರೋಪದ ಮೇಲೆ ಅವರನ್ನು ಅಮಾನತಿನಲ್ಲಿಟ್ಟರು. ಬ್ಯಾಂಕಿನ ಒಳವಿಷಯವನ್ನು ಅನುಮತಿಯಿಲ್ಲದೆ ಹೊರಗೆ ಚರ್ಚಿಸಿದ್ದಕ್ಕೆ ನನಗೊಂದು ಜ್ಞಾಪನಪತ್ರ, ವಿಜಯವಾಡದ ಗವರ್ನರ್‌ಪೇಟೆಯ ಶಾಖೆಗೆ ವರ್ಗ.

ವಿಜಯವಾಡದಲ್ಲಿ ಕಡಲ ಗಾಳಿಯಿರಲಿಲ್ಲ. ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಮುಂದೆ ಇಳಿಸಿದ ಮೂಟೆಗಳ ನಡುವೆ, ಆಟೋಗಳ ಹಾರ್ನಿನ ನಡುವೆ ದಾರಿ ಮಾಡಿಕೊಂಡು ಬ್ಯಾಂಕು ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಆ ದಿನಗಳಲ್ಲೇ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಬಳಿ ವಾಸವಾಗಿದ್ದ ಕನ್ನಡದ ಎಂಜಿನಿಯರುಗಳು ತಮ್ಮ ರಾಜ್ಯೋತ್ಸವಕ್ಕೆ ನನ್ನನ್ನು ಭಾಷಣಕ್ಕೆ ಕರೆದರು. ನನ್ನ ಬರಹ ಅವರ ಗುಂಪುಗಳಿಗೂ ಬಂದಿತ್ತು. “ಓ, ನೀವೇ ಏನ್ರೀ ಅದನ್ನ ಬರ್ದೋರು! ಟ್ರಾನ್ಸ್‌ಫರ್ ಮಾಡಿದ್ರಂತೆ? ಧೈರ್ಯ ಅಂದ್ರೆ ಇದು” ಎಂದು ಕೈ ಕುಲುಕಿದರು. ಮಕ್ಕಳು ಕನ್ನಡದ ಹಾಡನ್ನು ತೆಲುಗು ಅಕ್ಷರಗಳಲ್ಲಿ ಬರೆದಿಟ್ಟುಕೊಂಡು ಹಾಡಿದರು. ನಾನು ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ, ಶಾಲು ಹೊದಿಸಿಕೊಂಡೆ. ಅಟೆಂಡರಮ್ಮನ ವಿಷಯ ಒಂದು ಮಾತೂ ಎತ್ತಲಿಲ್ಲ. ಆ ಸಂಜೆ ನಾನು ಸಂತೋಷದಿಂದಿದ್ದೆನೆಂಬುದನ್ನು ನೆನೆದರೆ ಇಂದು ಮೈ ಮುದುಡುತ್ತದೆ.

ವಿಚಾರಣೆ ನಡೆದದ್ದು ವಿಜಯವಾಡದ ವಲಯ ಕಚೇರಿಯಲ್ಲಿ. ಅಟೆಂಡರಮ್ಮನೂ, ಅವರ ಪರವಾಗಿ ಮಾತಾಡಲು ಒಪ್ಪಿಕೊಂಡಿದ್ದ ಹೆಡ್ ಕ್ಯಾಶಿಯರ್ ಕೂಡ ಬೆಳಗಿನ ರೈಲಿಗೆ ಬಂದಿಳಿದರು. ನಾನು ಸಾಕ್ಷಿ. ಕಾರಿಡಾರಿನ ಬೆಂಚಿನ ಮೇಲೆ ಅಟೆಂಡರಮ್ಮ ಸ್ಟೀಲ್ ಡಬ್ಬಿ ತೆರೆದು, ನನಗೂ ಪುಳಿಯೋಗರೆ ಹಾಕಿಕೊಟ್ಟರು. ನಾನು ತಿಂದೆ.

“ತಮ್ಮಾ, ಇವತ್ತು ನಿನ್ನ ಇಂಗ್ಲಿಷನ್ನ ಜೇಬಲ್ಲಿಟ್ಕೋ” ಎಂದರು ಹೆಡ್ ಕ್ಯಾಶಿಯರ್. “ಕೇಳಿದ್ದಕ್ಕೆ ನೆನಪಿಲ್ಲ ಅನ್ನು. ಅದಕ್ಕೇನು ಕಪ್ಪು ಕೊಡಲ್ಲ, ಆದ್ರೂ ಅನ್ನು.”

ನಾನು ಅದಕ್ಕಿಂತ ಮುಂದೆ ಹೋಗಲು ಸಿದ್ಧನಾಗಿದ್ದೆ. ವಿಚಾರಣಾಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ, ಸೌಮ್ಯ ಮುಖದ ಮನುಷ್ಯ. ರಸ್ತೆಯ ಗದ್ದಲಕ್ಕೆ ಕಿಟಕಿ ಮುಚ್ಚಿಸಿ, ನನ್ನ ಬರಹವನ್ನು ಕೈಗೆತ್ತಿಕೊಂಡರು.

“ಇದು ನೀವೇ ಬರೆದದ್ದಾ?”

“ಹೌದು ಸಾರ್. ಆದರೆ ಆ ಮಹಿಳೆಯ ವಿಷಯ ಕಲ್ಪನೆ. ವಾದಕ್ಕೆ ಒಂದು ಉದಾಹರಣೆ ಬೇಕಿತ್ತು, ಕಟ್ಟಿಕೊಂಡೆ.”

“‘ಕಣ್ಣಾರೆ ಕಂಡಿದ್ದೇನೆ’ ಅಂತಿದೆಯಲ್ಲ?”

“ಅದು ಬರವಣಿಗೆಯ ಶೈಲಿ ಸಾರ್. ಚರ್ಚಾಸ್ಪರ್ಧೆಗಳಲ್ಲಿ ಹಾಗೆ ಹೇಳುವ ರೂಢಿ ಇದೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅಲರ್ಜಿ, ಟೀ, ಬಿಳಿ ಸೀರೆ, ತಗಡಿನ ಛಾವಣಿ. ಕಲ್ಪನೆ ತುಂಬಾ ಚೆನ್ನಾಗಿದೆ ಸಾರ್ ನಿಮ್ಮದು. ಆಗ ಸುಳ್ಳು ಬರೆದಿರೋ, ಈಗ ಸುಳ್ಳು ಹೇಳ್ತಿದ್ದೀರೋ, ಯಾವುದು ಅಂತ ಬರ್ಕೊಳ್ಳಲಿ?”

“ಆಗ ಸುಳ್ಳು ಬರೆದೆ” ಎಂದೆ. ಅದು ನಾನು ಪ್ರಮಾಣ ಮಾಡಿ ಹೇಳಿದ ಮೊದಲ ಸುಳ್ಳು. ಅದನ್ನು ಹೇಳಲು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ಇದನ್ನು ಮೊದಲೇ ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ವಿಚಾರಣಾಧಿಕಾರಿಗೂ ಈ ಕಡತವನ್ನು ಮುಚ್ಚಿದರೆ ಸಾಕಾಗಿತ್ತು. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಸಿ ಅಟೆಂಡರಮ್ಮನ ಮುಂದಿಟ್ಟರು. ಮೆತ್ತಗೆ ಹೇಳಿದರು: “ಅಮ್ಮಾ, ಇದಕ್ಕೊಂದು ಸಹಿ ಹಾಕಿ. ಚರ್ಚಿಗೆ ನಾನು ಹೋಗುವುದಿಲ್ಲ, ಯೇಸುವಿನಲ್ಲಿ ನನಗೆ ನಂಬಿಕೆ ಇಲ್ಲ, ಅಷ್ಟೇ ಇದರಲ್ಲಿರೋದು. ಸಾಕ್ಷಿಯವರು ತಮ್ಮದು ಸುಳ್ಳು ಅಂತ ಒಪ್ಪಿಕೊಂಡಿದ್ದಾರೆ. ಇದೊಂದು ಸಹಿ ಇದ್ರೆ ನಿಮ್ಮ ಪರವಾಗಿ ವರದಿ ಬರೀಬಹುದು. ಮನೆಗೆ ಹೋಗಿ ಏನು ಮಾಡ್ತೀರೋ ನಾನು ನೋಡಲು ಬರಲ್ಲ.”

ಹೆಡ್ ಕ್ಯಾಶಿಯರ್ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟರು. ಅವರು ಹಾಳೆಯನ್ನು ಓದಿದರು. ತೆಲುಗನ್ನು ಬೆರಳಿಟ್ಟು, ಪ್ರತಿ ಪದವನ್ನೂ ತುಟಿಯಲ್ಲೇ ಓದುತ್ತಿದ್ದರು. ಎರಡನೆಯ ಸಲವೂ ಓದಿದರು.

“ಸಾರ್, ಇದರಲ್ಲಿ ಏನೂ ಬರೆಯದೆ ಸಹಿ ಹಾಕು ಅಂದ್ರೆ ಹಾಕ್ತೀನಿ” ಎಂದರು.

“ಅದಾಗಲ್ಲಮ್ಮಾ. ಈಗ ಪ್ರಶ್ನೆ ಲಿಖಿತದಲ್ಲಿ ಬಂದಿದೆ. ಉತ್ತರವೂ ಲಿಖಿತದಲ್ಲಿ ಬೇಕು.”

“ಅಮ್ಮಾ, ಹಾಕಿಬಿಡು. ಕಾಗದ ತಾನೇ? ಇಷ್ಟು ವರ್ಷ ಕಾಗದದಲ್ಲಿ ಇರಲಿಲ್ವಾ?” ಹೆಡ್ ಕ್ಯಾಶಿಯರ್ ಕಿವಿಯ ಬಳಿ ಹೇಳಿದರು.

“ಅದು ಬೇರೆ ಬಾಬೂ. ಆಗ ಯಾರೂ ನನ್ನ ಕೇಳಿರಲಿಲ್ಲ. ಅಲರ್ಜಿ ಅಂದ್ರಿ, ಸುಮ್ಮನಿದ್ದೆ. ಅದು ನನ್ನ ಹಣೆ.” ಪೆನ್ನನ್ನು ಮೇಜಿನ ಮೇಲಿಟ್ಟು, ಉರುಳದಂತೆ ಹಾಳೆಯ ಅಂಚಿಗೆ ಒತ್ತರಿಸಿದರು. “ಆತ ಗೊತ್ತೇ ಇಲ್ಲ ಅಂತ ಬರೆಯೋದು ನನ್ನ ಕೈಲಾಗಲ್ಲ.”

ವಿಚಾರಣಾಧಿಕಾರಿ ಟೀ ತರಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕೇಳಿದರು. ಊಟದ ನಂತರ ಮತ್ತೊಮ್ಮೆ ಕೇಳಿದರು. ಅಟೆಂಡರಮ್ಮ ಪ್ರತಿ ಸಲವೂ ಆಗದೆಂದು ತಲೆ ಅಲ್ಲಾಡಿಸಿದರು. ಸುಮ್ಮನಿರುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ಆ ಕಲೆಯಲ್ಲೇ ಅವರು ಹತ್ತೊಂಬತ್ತು ವರ್ಷ ಬಾಳಿದ್ದರು. ಅವರಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ. ಸುಮ್ಮನಿರಲು ಇದ್ದ ಜಾಗವನ್ನು ನಾನು ಎರಡು ಪುಟ ಬರೆದು ಮುಚ್ಚಿಬಿಟ್ಟಿದ್ದೆ.

ಆದೇಶ ನಾಲ್ಕು ತಿಂಗಳ ಮೇಲೆ ಬಂತು. ಅವರನ್ನು ಸೇವೆಯಿಂದ ತೆಗೆದುಹಾಕಲಾಗಿತ್ತು. ‘ಆಪಾದಿತ ನೌಕರರು ವಿಚಾರಣೆಯಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡಿದ್ದಾರೆ’ ಎಂದು ಅದರಲ್ಲಿತ್ತು. ನನಗೆ ಛೀಮಾರಿ, ಸೇವಾಪುಸ್ತಕದಲ್ಲೊಂದು ಸಾಲು. ಕಳೆದ ವರ್ಷ ಬಡ್ತಿಯ ಸಂದರ್ಶನದಲ್ಲಿ ಆ ಸಾಲಿನ ಬಗ್ಗೆ ಕೇಳಿದರು, ವಿವರಿಸಿದೆ, ಬಡ್ತಿ ಕೊಟ್ಟರು. ಮಾತಾಡುವುದನ್ನು ನಾನು ಕಲಿತವನು.

ಬಡ್ತಿ ಬಂದ ವಾರವೇ ರಜೆ ಹಾಕಿ ವಿಶಾಖಪಟ್ಟಣಕ್ಕೆ ಹೋದೆ. ಅವರು ಈಗ ಋಷಿಕೊಂಡದ ಬಳಿ, ಐಟಿ ಕಚೇರಿಗಳ ಹುಡುಗಿಯರಿರುವ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ಹಿಂದಿನ ಬಾಗಿಲಲ್ಲಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದವರು ನನ್ನನ್ನು ಕಂಡು ಎದ್ದರು. ಕ್ಷಮೆ ಕೇಳಲು ಹೋಗಿದ್ದೆ. ಬಹಳ ಯೋಚಿಸಿ ಜೋಡಿಸಿಕೊಂಡಿದ್ದ ಮಾತುಗಳು ಅರ್ಧಕ್ಕೆ ನಿಂತವು. ಅವರು ಚಾಕುವನ್ನು ಪಕ್ಕಕ್ಕಿಟ್ಟು, “ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ” ಎಂದು ಸ್ಟೂಲು ತಂದರು.

ಮನೆಯ ಸಮಾಚಾರ ಹೇಳಿದರು. ಚರ್ಚಿನ ಛಾವಣಿಗೆ ಕಾಂಕ್ರೀಟು ಹಾಕಿಸಿದ್ದಾರೆ. ಹೆಡ್ ಕ್ಯಾಶಿಯರ್ ಹಬ್ಬಕ್ಕೊಮ್ಮೆ ಬಂದು ಹೋಗುತ್ತಾರೆ, ಪ್ರತಿ ಸಲವೂ ಅಲರ್ಜಿ ಹೇಗಿದೆ ಎಂದು ಕೇಳುತ್ತಾರೆ. ಆ ಮಾತಿಗೆ ನಕ್ಕರು. ಏಳುವ ಮುನ್ನ ನಾನು ಕೇಳಿದೆ: “ಅಮ್ಮಾ, ಇದನ್ನೆಲ್ಲ ಬರೀಬೇಕು ಅಂತಿದ್ದೇನೆ, ಕನ್ನಡದಲ್ಲಿ. ನೀವು ಬೇಡ ಅಂದರೆ ಬರೆಯುವುದಿಲ್ಲ.”

“ಈಗ ಕೇಳ್ತೀರಲ್ಲ ಬಾಬೂ” ಎಂದರು. ಅದರಲ್ಲಿ ಕಹಿಯಿರಲಿಲ್ಲ, ಅದಕ್ಕೇ ತಾಳಲಾಗಲಿಲ್ಲ. ಸ್ವಲ್ಪ ಹೊತ್ತು ಬದನೆಕಾಯಿ ಹೆಚ್ಚಿದರು. “ಬರೀರಿ. ಇನ್ನು ಹೋಗೋಕೆ ಏನಿದೆ? ಆದ್ರೆ ತಪ್ಪು ಒಪ್ಪಿಕೊಂಡೆ ಅಂತ ಬ್ಯಾಂಕಿನವರು ಬರೆದಿದ್ದಾರಲ್ಲ, ಅದು ಸುಳ್ಳು. ನಾನು ತಪ್ಪು ಅನ್ನಲಿಲ್ಲ. ಇಲ್ಲ ಅನ್ನಕ್ಕಾಗಲ್ಲ ಅಂದೆ. ಅದನ್ನ ಸರಿಯಾಗಿ ಬರೀರಿ. ಬರೆದ ಮೇಲೆ ನನಗೆ ಓದಿ ಹೇಳಿ.”

ಮೊನ್ನೆ ಭಾನುವಾರ ಮಧ್ಯಾಹ್ನ, ಅವರು ಚರ್ಚಿನಿಂದ ಮನೆಗೆ ಬಂದ ಮೇಲೆ, ಫೋನಿನಲ್ಲಿ ಇದನ್ನು ಸಾಲು ಸಾಲಾಗಿ ತೆಲುಗಿಗೆ ಮಾಡುತ್ತ ಓದಿ ಹೇಳಿದೆ. ಪಾತ್ರೆಗಳ ಸದ್ದು ನಿಲ್ಲಿಸಿ ಕೇಳುತ್ತಿದ್ದರು. ಹೆಡ್ ಕ್ಯಾಶಿಯರರ ಮಾತು ಬಂದಲ್ಲಿ ನಕ್ಕರು. ವಿಚಾರಣೆಯ ಭಾಗಕ್ಕೆ ಬಂದಾಗ ಮಾತ್ರ ತಡೆದರು. ಪೆನ್ನನ್ನು ಮೇಜಿನ ಮೇಲಿಟ್ಟಾಗ ಅವರ ಕಣ್ಣಿನಿಂದ ನೀರು ಹಾಳೆಯ ಮೇಲೆ ಬಿತ್ತೆಂದು ಅಲ್ಲೊಂದು ವಾಕ್ಯವಿತ್ತು. ನನಗೆ ಅದು ಹಾಗೆಯೇ ನೆನಪಿತ್ತು.

“ನಾನು ಅಳಲಿಲ್ಲ ಬಾಬೂ. ಅತ್ತಿದ್ದು ನೀವು.”

ಆ ವಾಕ್ಯವನ್ನು ತೆಗೆದುಹಾಕಿದ್ದೇನೆ.